ಮಾತಿಲ್ಲದ ಬ್ಯಾಲೆಗೆ ಮಾತು ಕೊಡುವಾಗ

ನಾನಿರುವ ಷಿಕಾಗೋದಲ್ಲಿ ಡಿಸೆಂಬರ್ ಬಂತೆಂದರೆ ಕುಣಿತದಲ್ಲೇ ಕತೆ ಹೇಳುವ ‘ನಟ್‌ಕ್ರ್ಯಾಕರ್’ ಬ್ಯಾಲೆಯ ಕಾಲವೂ ಬಂದಂತೆ. 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಮಾರಿಯಿನ್‌ಸ್ಕಿ ರಂಗಮಂದಿರದಲ್ಲಿ ಮೊದಲು ರಂಗಕ್ಕೇರಿದ ಈ ಕೃತಿ ಅಮೆರಿಕದ ಹಬ್ಬದ ವಾಡಿಕೆಯಾದುದರಲ್ಲಿ, 1954ರಲ್ಲಿ ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚೀನ್ ನ್ಯೂಯಾರ್ಕಿನಲ್ಲಿ ಕಟ್ಟಿದ ಪ್ರಯೋಗದ ಪಾಲು ದೊಡ್ಡದು. ಇದನ್ನು ಸಂಭಾಷಣೆ, ಹಾಡುಗಳಿರುವ ಮ್ಯೂಸಿಕಲ್ ನಾಟಕವಾಗಿಸುವ ಯತ್ನಗಳೂ ನಡೆದಿವೆ. ಮಾತಿಗೆ ಅಲ್ಲಿ ಏನು ಕೆಲಸವೆಂಬುದನ್ನು ತೀರ್ಮಾನಿಸದೆ ಇಂಥ ರೂಪಾಂತರಕ್ಕೆ ಕೈಹಾಕಬಾರದೆಂದು ನಾನು ದೃಢವಾಗಿ ನಂಬಿದ್ದೇನೆ.

ಈ ಬ್ಯಾಲೆಗೆ ರಷ್ಯಾದ ಚೈಕೋವ್‌ಸ್ಕಿ ರಚಿಸಿದ ಸಂಗೀತ ಹೆಜ್ಜೆಗಳಿಗಾಗಿಯೇ ಹುಟ್ಟಿದ್ದು. ಯಾವ ದೃಶ್ಯಕ್ಕೆ ಎಂಥ ಲಯ, ಎಷ್ಟು ಉದ್ದ ಬೇಕೆಂದು ನೃತ್ಯಾಚಾರ್ಯ ಪೆಟಿಪಾ ಮೊದಲೇ ಬರೆದುಕೊಟ್ಟಿದ್ದರು. ಅಂಥ ಧಾಟಿಗಳ ಮೇಲೆ ಸಾಹಿತ್ಯವನ್ನು ಕೂರಿಸಿದರೆ ಪದಗಳು ಏದುಸಿರುಬಿಡುತ್ತವೆ. ಕತೆಯ ತೊಡಕು ಇನ್ನೂ ದೊಡ್ಡದು. ಎರಡನೆಯ ಅಂಕದಲ್ಲಿ ಚಾಕೊಲೇಟ್, ಕಾಫಿ, ಚಹಾಗಳ ಹೆಸರಿನ ನೃತ್ಯಗಳು ಒಂದಾದಮೇಲೊಂದು ಬರುತ್ತವೆ, ಹಬ್ಬದ ಉಡುಗೊರೆಯಾಗಿ ನಟ್‌ಕ್ರ್ಯಾಕರ್ (ಕಾಯಿ ಒಡೆಯುವ) ಗೊಂಬೆಯನ್ನು ಪಡೆದ ಬಾಲಕಿ ಕ್ಲಾರಾ ಬಹುಮಟ್ಟಿಗೆ ಕುಳಿತು ನೋಡುತ್ತಾಳೆ. ಬ್ಯಾಲೆಗೆ ಅಷ್ಟು ಸಾಕು. ಆದರೆ ಹಾಡುವ ನಾಯಕಿಗೆ ಒಂದು ಆಸೆ ಬೇಕು, ಅದಕ್ಕೊಂದು ಅಡ್ಡಿಯೂ ಬೇಕು.

ಷಿಕಾಗೋದ ಹೌಸ್ ಥಿಯೇಟರ್ ತಂಡದ ‘ನಟ್‌ಕ್ರ್ಯಾಕರ್’ ನನಗೆ ಮುಖ್ಯವೆನಿಸುವುದು ಇದಕ್ಕಾಗಿಯೇ. ಅವರು ಬ್ಯಾಲೆಯನ್ನೂ ಚೈಕೋವ್‌ಸ್ಕಿಯನ್ನೂ ಬಿಟ್ಟು ಹೊಸ ಹಾಡುಗಳನ್ನು ಕಟ್ಟಿಕೊಂಡರು. ಕ್ಲಾರಾಳ ಅಣ್ಣ ಫ್ರಿಟ್ಜ್ ಯುದ್ಧದಲ್ಲಿ ಮಡಿದಿದ್ದಾನೆ, ಮನೆಯವರು ದುಃಖದಲ್ಲಿ ಹಬ್ಬವನ್ನೇ ತೊರೆದಿದ್ದಾರೆ, ಅವಳ ಕೈಗೆ ಬರುವ ಗೊಂಬೆ ಅಣ್ಣನನ್ನೇ ಹೋಲುತ್ತದೆ. ಮನೆಯಲ್ಲಿ ಯಾರೂ ಆಡಲಾಗದ ಮಾತೊಂದಿದೆ. ಆದ್ದರಿಂದಲೇ ಅಲ್ಲಿ ಮಾತಿಗೂ ಹಾಡಿಗೂ ನಿಜವಾದ ಅಗತ್ಯವಿದೆ. 1816ರಲ್ಲಿ ಪ್ರಕಟವಾದ, ಜರ್ಮನ್ ಲೇಖಕ ಹಾಫ್‌ಮನ್‌ನ ಮೂಲ ಕತೆಯೂ ಬ್ಯಾಲೆಗಿಂತ ಹೆಚ್ಚು ಕತ್ತಲೆಯದು. ಬ್ಯಾಲೆ ಕೈಬಿಟ್ಟ ರಾಜಕುಮಾರಿ ಪಿರ್ಲಿಪಾಟಳ ಉಪಕತೆ ಅದರಲ್ಲಿದ್ದು, ಹೊಸ ನಾಟಕಕಾರರು ಅತ್ತ ನೋಡಿದರೆ ಒಳ್ಳೆಯದು.

ನಮ್ಮಲ್ಲಿ ಶಿವರಾಮ ಕಾರಂತರು ಇದಕ್ಕೆ ತಿರುಗುಮುರುಗಾದ ದಾರಿ ಹಿಡಿದರು. ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಪಾತ್ರಧಾರಿಗಳ ಮಾತನ್ನು ಬಿಟ್ಟು, ಪಿಟೀಲು, ಸ್ಯಾಕ್ಸೋಫೋನುಗಳನ್ನು ಸೇರಿಸಿ, ಭಾಗವತರ ಹಾಡನ್ನೂ ಕುಣಿತವನ್ನೂ ಮುಂದಿಟ್ಟರು. ಅರ್ಥಗಾರಿಕೆಯಿಲ್ಲದ ಯಕ್ಷಗಾನವೇ ಎಂದು ಆಕ್ಷೇಪಿಸಿದವರ ನೋವು ನನಗೆ ಅರ್ಥವಾಗುತ್ತದೆ, ಆದರೂ ಯಾವುದನ್ನು ಬಿಡುತ್ತಿದ್ದೇನೆ, ಯಾಕೆ ಬಿಡುತ್ತಿದ್ದೇನೆ ಎಂಬುದು ಕಾರಂತರಿಗೆ ಖಚಿತವಾಗಿ ತಿಳಿದಿತ್ತು.

ಅಮೆರಿಕದ ಮ್ಯೂಸಿಕಲ್‌ಗಳಲ್ಲಿ ಭಾವ ಮಾತನ್ನು ಮೀರಿದಾಗ ಪಾತ್ರವೇ ಹಾಡತೊಡಗುವುದು ಸಾಮಾನ್ಯ. ಯಕ್ಷಗಾನದಲ್ಲಿ ಭಾಗವತರು ಮೊದಲು ಪದ ಹೇಳುತ್ತಾರೆ, ಪಾತ್ರಧಾರಿ ಅದಕ್ಕೆ ಕುಣಿಯುತ್ತಾನೆ, ಆಮೇಲೆ ಅರ್ಥ ಹೇಳುತ್ತಾನೆ. ಈ ಎರಡನೆಯ ಕ್ರಮವೇ ‘ನಟ್‌ಕ್ರ್ಯಾಕರ್’ಗೆ ಹೆಚ್ಚು ಒಗ್ಗುತ್ತದೆಂದು ನನಗೆ ಅನಿಸುತ್ತದೆ. ಗೊಂಬೆಯನ್ನು ತಂದುಕೊಡುವ ಡ್ರಾಸೆಲ್‌ಮೈಯರ್‌ನನ್ನೇ ಭಾಗವತನ ಸ್ಥಾನದಲ್ಲಿ ನಿಲ್ಲಿಸಿ ಕತೆಯನ್ನು ಅವನಿಂದ ಹಾಡಿಸಿದರೆ, ಕ್ಲಾರಾ ಮಾತಿನ ಹೊರೆಯಿಲ್ಲದೆ ಕುಣಿಯಬಲ್ಲಳು. ಮೂಲ ಬ್ಯಾಲೆಯ ಹಿಮದ ವಾಲ್ಟ್ಸ್ ಎಂಬ ನೃತ್ಯದಲ್ಲಿ ಚೈಕೋವ್‌ಸ್ಕಿ ಪದಗಳಿಲ್ಲದ ಮೇಳಗಾನವನ್ನಿಟ್ಟಿದ್ದಾನೆ. ಅವನ ಸಂಗೀತವನ್ನು ಉಳಿಸಿಕೊಳ್ಳುವವರು ಕನಿಷ್ಠ ಆ ದೃಶ್ಯಕ್ಕಾದರೂ ಸಾಹಿತ್ಯ ಬರೆಯಬಾರದು.