ಪಾದ್ರಿಗೆ ವೃತ್ತಿ, ಪಿಎಗೆ ಹವ್ಯಾಸ

ಅಮೆರಿಕದ ಶಿಕ್ಷಣ ಇಲಾಖೆಗೆ ಮೊದಲು ಒಂದು ದೀರ್ಘದಂಡ ನಮಸ್ಕಾರ. 2025ರ ನವೆಂಬರಿನಲ್ಲಿ ಅದರ ಸಮಿತಿ ಒಪ್ಪಿದ ಕರಡು ಪಟ್ಟಿಯನ್ನು ನೀವೂ ನೋಡಿರುತ್ತೀರಿ. ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಸಾಲದ ಲೆಕ್ಕಕ್ಕೆ ಯಾವ ಓದು ‘ವೃತ್ತಿಪರ’, ಯಾವುದು ಅಲ್ಲ ಎಂದು ತೀರ್ಮಾನಿಸುವ ಪಟ್ಟಿ ಅದು. ಡಾಕ್ಟರು, ವಕೀಲರು, ದನದ ಡಾಕ್ಟರು ಎಲ್ಲರೂ ಒಳಗೆ. ಬೆನ್ನುಮೂಳೆಯ ನೆಟಿಕೆ ತೆಗೆಯುವ ಕೈರೋಪ್ರಾಕ್ಟರ್ ಒಳಗೆ. ದೇವಶಾಸ್ತ್ರ ಓದುವವರೂ ಒಳಗೆ. ರೋಗಿಯನ್ನು ಪರೀಕ್ಷಿಸಿ, ಔಷಧ ಬರೆದುಕೊಟ್ಟು, ಗಾಯಕ್ಕೆ ಹೊಲಿಗೆ ಹಾಕುವ ಫಿಸಿಷಿಯನ್ ಅಸಿಸ್ಟೆಂಟ್, ಅಂದರೆ ನಮ್ಮ ಪಿಎ, ಹೊರಗೆ. ರೋಗಿ ಉಸಿರಾಡುತ್ತಿರುವಾಗ ನೋಡಿಕೊಳ್ಳುವುದು ಹವ್ಯಾಸ, ಉಸಿರು ನಿಂತ ಮೇಲೆ ಆತ್ಮಕ್ಕೆ ಶಾಂತಿ ಕೋರುವುದು ವೃತ್ತಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಿದ್ದೆವು. ಇಲ್ಲಿ ವರವನ್ನು ಪೂಜಾರಿಗೇ ಕೊಟ್ಟು ಮುಗಿಸಿದ್ದಾರೆ.

ವೃತ್ತಿಪರರಾದರೆ ವರ್ಷಕ್ಕೆ 50,000 ಡಾಲರಿನಂತೆ ಒಟ್ಟು 2,00,000ದವರೆಗೆ ಸರ್ಕಾರಿ ಸಾಲ. ಹವ್ಯಾಸಿಗಳಾದರೆ ವರ್ಷಕ್ಕೆ 20,500, ಒಟ್ಟು 1,00,000. ಕೊರತೆ ತುಂಬಲು ಇದ್ದ ಗ್ರ್ಯಾಡ್ ಪ್ಲಸ್ ಸಾಲಕ್ಕೆ 2026ರ ಜುಲೈ 1ರಿಂದ ಹೊಸಬರ ಪಾಲಿಗೆ ಬೀಗ. ಬೋಧನಾ ಶುಲ್ಕವೇ ಒಂದು ಲಕ್ಷ ದಾಟುವ ಪಿಎ ಶಾಲೆಗಳು ಬೇಕಾದಷ್ಟಿವೆ, ಓದುವಾಗ ಕೆಲಸ ಮಾಡಬೇಡಿ ಎಂದು ತಾಕೀತು ಮಾಡುವ ಶಾಲೆಗಳಂತೂ ಇನ್ನೂ ಹೆಚ್ಚು. ಉಳಿದ ದುಡ್ಡಿಗೆ ಪ್ರಾರ್ಥನೆ ಮಾಡಬಹುದು. ಅದಕ್ಕೆ ಬೇಕಾದ ವೃತ್ತಿಪರರನ್ನು ಇಲಾಖೆಯೇ ತಯಾರು ಮಾಡುತ್ತಿದೆಯಲ್ಲ.

ಸಾಲದ ಚಿಂತೆ ಸೀಟು ಸಿಕ್ಕವರಿಗೆ ಬಿಡಿ. ಸೀಟಿಗೆ ಮೊದಲು ಅರ್ಜಿ, ಅರ್ಜಿಗೆ ಮೊದಲು ಗಂಟೆಗಳು. ರೋಗಿಗಳ ಜೊತೆ ನೇರವಾಗಿ ಕೆಲಸ ಮಾಡಿದ ಅನುಭವ 500 ಗಂಟೆ ಸಾಕೆನ್ನುವ ಶಾಲೆಗಳಿವೆ, 1,000 ಕೇಳುವವಿವೆ, 2,000 ಕೇಳುವವೂ ಇವೆ. ಎರಡು ಸಾವಿರ ಗಂಟೆಯೆಂದರೆ ವಾರಕ್ಕೆ 40ರಂತೆ ವರ್ಷವಿಡೀ ದುಡಿಮೆ. ಪಿಎ ಶಿಕ್ಷಣದ ಒಳಗೆ ಮಾಡಿಸುವ ಕ್ಲಿನಿಕಲ್ ತರಬೇತಿಯೂ ಸುಮಾರು ಅಷ್ಟೇ ಗಂಟೆ! ತರಬೇತಿ ಇಲ್ಲದವರಿಗೆ ರೋಗಿಯನ್ನು ಮುಟ್ಟಲು ಬಿಡುವುದಿಲ್ಲ, ರೋಗಿಯನ್ನು ಮುಟ್ಟದವರಿಗೆ ತರಬೇತಿ ಕೊಡುವುದಿಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ.

ಇದಕ್ಕೊಂದು ಇತಿಹಾಸವಿದೆ, ಪಾಪ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ ಅವರು ನೌಕಾಪಡೆಯಲ್ಲಿ ವೈದ್ಯಕೀಯ ಕೆಲಸ ಮಾಡಿ ಬಂದಿದ್ದ ನಾಲ್ವರನ್ನು ಕೂರಿಸಿಕೊಂಡು ಎರಡು ವರ್ಷ ಪಾಠ ಹೇಳಿದರು. 1967ರಲ್ಲಿ ಮೂವರು ಪಾಸಾದರು. ಡಾಕ್ಟರುಗಳು ಸಾಲುತ್ತಿಲ್ಲ, ಕೈ ಪಳಗಿದವರು ಸುಮ್ಮನೆ ಕೂತಿದ್ದಾರೆ, ಬೇಗ ಕಲಿಸಿ ಕೆಲಸಕ್ಕೆ ಹಚ್ಚೋಣ ಅನ್ನುವುದು ಲೆಕ್ಕ. ಎಷ್ಟು ಸರಳ! ಅನುಭವ ಇದ್ದವರನ್ನು ಹುಡುಕಿಕೊಂಡು ಶಾಲೆ ಹುಟ್ಟಿತು. ಈಗ ಶಾಲೆಯನ್ನು ಹುಡುಕಿಕೊಂಡು ಅನುಭವ ಹುಟ್ಟಿಸಬೇಕು.

ಹುಟ್ಟಿಸಿದ್ದು ಎಲ್ಲ ಕಡೆ ಚಲಾವಣೆಯಾಗುತ್ತದೆಯೇ ಅಂದರೆ ಅದೂ ಇಲ್ಲ. ಡಾಕ್ಟರ ಪಕ್ಕದಲ್ಲಿ ನಿಂತು ಕೇಸ್ ಬರೆದುಕೊಳ್ಳುವ ಸ್ಕ್ರೈಬ್ ಕೆಲಸ ಒಂದು ಶಾಲೆಗೆ ‘ರೋಗಿ ಆರೈಕೆ’, ಇನ್ನೊಂದಕ್ಕೆ ಬರೀ ‘ಆರೋಗ್ಯ ಕ್ಷೇತ್ರ’. ಮೊದಲನೆಯದು ಚಿನ್ನ, ಎರಡನೆಯದು ಚಿಲ್ಲರೆ. ಅರ್ಜಿಯಲ್ಲಿ ಒಂದೇ ಗಂಟೆಯನ್ನು ಎರಡೂ ಕಡೆ ತೋರಿಸುವಂತಿಲ್ಲ. ಕೆಲಸವನ್ನು ಎರಡಾಗಿ ಸೀಳಿ ಹಾಕಬಹುದು, ಆದರೆ ಹಾಗೆ ಸೀಳಿದ ಅದೇ ಅರ್ಜಿ ಎಲ್ಲ ಶಾಲೆಗೂ ಹೋಗುತ್ತದೆ.

ನರ್ಸಿಂಗ್ ಸಹಾಯಕರಾಗಲು ಕೇಂದ್ರದ ನಿಯಮದಂತೆ ಕನಿಷ್ಠ 75 ಗಂಟೆ ತರಬೇತಿ ಸಾಕು, ಅದಕ್ಕೇ ಹೆಚ್ಚಿನವರು ಆ ಬಾಗಿಲಿನಿಂದ ಬರುತ್ತಾರೆ. ಹಾಸಿಗೆ ಹಿಡಿದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಡಯಾಪರ್ ಬದಲಿಸುವುದು, ಬೆನ್ನು ಹಿಡಿದು ಕೂರಿಸುವುದು. ಸಂಬಳ ಕಡಿಮೆ, ಸೊಂಟ ನೋವು ಹೆಚ್ಚು. ಇಲ್ಲಿ ನಗು ಬರುವುದಿಲ್ಲ. ಮನೆಯಲ್ಲಿ ಅನುಕೂಲ ಇದ್ದವರು ಆ ಸಂಬಳಕ್ಕೆ ಒಂದು ವರ್ಷ ದುಡಿದು, ಜೊತೆಗೆ ಪುಕ್ಕಟೆ ಶ್ಯಾಡೋಯಿಂಗ್, ಅಂದರೆ ಪಿಎಯ ಹಿಂದೆ ನೆರಳಿನಂತೆ ನಿಂತು ಕೆಲಸ ನೋಡುವುದನ್ನು ಕೂಡ ಮಾಡಿಬಿಡುತ್ತಾರೆ. ಬಾಡಿಗೆ ಕಟ್ಟುವವರು, ತಮ್ಮ ತಂಗಿಯರನ್ನು ಸಾಕುವವರು ಏನು ಮಾಡಬೇಕು? ಆಮೇಲೆ ಹಳ್ಳಿಗೆ ಹೋಗಿ ಕೆಲಸ ಮಾಡುವವರು ಸಿಗುತ್ತಿಲ್ಲ ಎಂದು ಸಮ್ಮೇಳನ ಬೇರೆ ಮಾಡುತ್ತಾರೆ.

ಇರಲಿ. ಈಗ ಕ್ಯಾಸ್ಪಾ. 2001ರಿಂದ ಬಹುಪಾಲು ಪಿಎ ಶಾಲೆಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕಿಸುವ ಪುಣ್ಯಕ್ಷೇತ್ರ ಇದು. ಏಪ್ರಿಲ್ ಕೊನೆಗೆ ಬಾಗಿಲು ತೆರೆಯುತ್ತದೆ. ಮೊದಲ ಶಾಲೆಗೆ 180 ಡಾಲರ್ ಆಸುಪಾಸು, ಆಮೇಲಿನ ಪ್ರತಿಯೊಂದಕ್ಕೆ 60ರ ಆಸುಪಾಸು. ಕೆಲವು ಶಾಲೆಗಳಿಗೆ ಅದರ ಮೇಲೆ ಪ್ರತ್ಯೇಕ ಪೂರಕ ಅರ್ಜಿ, ಅದಕ್ಕೆ ಪ್ರತ್ಯೇಕ ಶುಲ್ಕ. ಒಂದೇ ಅರ್ಜಿ ಅಂದದ್ದು ಗೌರವಾರ್ಥ.

ನೀವು ಓದಿದ ಪ್ರತಿಯೊಂದು ಕೋರ್ಸನ್ನೂ ಸೆಮಿಸ್ಟರ್‌ವಾರು, ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ನೀವೇ ಟೈಪ್ ಮಾಡಬೇಕು. ಲ್ಯಾಬಿಗೆ ಬೇರೆ ಕ್ರೆಡಿಟ್ ಇದ್ದರೆ ಬೇರೆ ಸಾಲು. ಅರ್ಧಕ್ಕೆ ಬಿಟ್ಟ ಕೋರ್ಸೂ ಬೇಕು. ಹೈಸ್ಕೂಲಿನಲ್ಲಿದ್ದಾಗ ಯಾವುದೋ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಇಂಗ್ಲಿಷ್ ಕೋರ್ಸ್ ಮಾಡಿದ್ದರೆ ಆ ಕಾಲೇಜಿನಿಂದಲೂ ಅಧಿಕೃತ ಅಂಕಪಟ್ಟಿ ನೇರವಾಗಿ ಹೋಗಬೇಕು. ಇಷ್ಟೆಲ್ಲ ಆದ ಮೇಲೆ ನೀವು ಟೈಪ್ ಮಾಡಿದ್ದನ್ನು ಅದೇ ಅಂಕಪಟ್ಟಿಯ ಜೊತೆ ಅವರು ತಾಳೆ ನೋಡುತ್ತಾರೆ. ಅಂಕಪಟ್ಟಿ ಅವರ ಕೈಯಲ್ಲೇ ಇತ್ತಲ್ಲ ಎಂದು ಕೇಳಬೇಡಿ, ಅದು ಭಕ್ತಿಯ ಕೊರತೆ. ತಾಳೆಗೆ 10 ಕೆಲಸದ ದಿನ ಹಿಡಿಯಬಹುದು. ದೊಡ್ಡ ತಪ್ಪು ಸಿಕ್ಕರೆ ಅರ್ಜಿ ನಿಮಗೇ ವಾಪಸು.

ಗಡುವಿನಲ್ಲಿ ಮೂರು ಜಾತಿ. ಒಂದು ಶಾಲೆಗೆ ಆ ದಿನದೊಳಗೆ ಅರ್ಜಿ ‘ಸಲ್ಲಿಸಿದರೆ’ ಸಾಕು. ಇನ್ನೊಂದಕ್ಕೆ ಹಣ, ಅಂಕಪಟ್ಟಿ, ಶಿಫಾರಸು ಪತ್ರ ತಲುಪಿ ‘ಪೂರ್ಣ’ ಆಗಿರಬೇಕು. ಮತ್ತೊಂದಕ್ಕೆ ತಾಳೆಯೂ ಮುಗಿದು ‘ಪರಿಶೀಲಿತ’ ಆಗಿರಬೇಕು. ಎಲ್ಲಕ್ಕೂ ಸೆಪ್ಟೆಂಬರ್ 1 ಎಂದೇ ಬರೆದಿದ್ದರೂ ಮೂರನೆಯ ಜಾತಿಗೆ ಆಗಸ್ಟ್ ಮೊದಲ ವಾರದಲ್ಲೇ ಕಳಿಸಿದವರು ಬುದ್ಧಿವಂತರು. ಸೀಟುಗಳನ್ನು ಅರ್ಜಿ ಬಂದ ಹಾಗೆಲ್ಲ ಹಂಚುವ ಶಾಲೆಗಳು ಬಹಳ, ಅಲ್ಲಿ ಗಡುವಿನ ದಿನ ಬಂದವರಿಗೆ ಸಿಗುವುದು ಖಾಲಿ ತಟ್ಟೆ.

ರಸಾಯನಶಾಸ್ತ್ರದಲ್ಲಿ ಒಮ್ಮೆ ಸಿ ಬಂದು, ಮತ್ತೆ ಕೂತು ಎ ತೆಗೆದಿರಾ? ನಿಮ್ಮ ಕಾಲೇಜು ಸಿಯನ್ನು ಮರೆತಿರಬಹುದು. ಕ್ಯಾಸ್ಪಾ ಮರೆಯುವುದಿಲ್ಲ. ಸಿಯ 2.0, ಎಯ 4.0 ಎರಡನ್ನೂ ಸೇರಿಸಿ ಸರಾಸರಿ 3.0 ಮಾಡಿ ಕೈಗಿಡುತ್ತದೆ. ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳಲ್ಲಿ ಪಾಠ ಮಾಡುವ ಕ್ವಾರ್ಟರ್ ಪದ್ಧತಿಯ ಕಾಲೇಜಿನ 5 ಕ್ರೆಡಿಟ್ ಇಲ್ಲಿ ಸೆಮಿಸ್ಟರ್ ಲೆಕ್ಕಕ್ಕೆ ಇಳಿದು 3.33 ಆಗುತ್ತದೆ. 4 ಕೇಳುವ ಶಾಲೆಯಲ್ಲಿ ಬಾಕಿ 0.67ಕ್ಕೆ ಮೂಳೆಯನ್ನು ಕತ್ತರಿಸಿ ಕೊಡಲಾಗುವುದಿಲ್ಲ, ಇಡೀ ಕೋರ್ಸ್ ಮತ್ತೆ.

ಮೂಳೆ ಅಂದಾಗ ನೆನಪಾಯಿತು. ಶರೀರರಚನೆ, ಶರೀರಕ್ರಿಯೆ ಕೋರ್ಸುಗಳು ಐದು, ಏಳು, ಹತ್ತು ವರ್ಷಕ್ಕೆ ಹಳಸುತ್ತವೆ, ಶಾಲೆಗೊಂದು ಅವಧಿ. 206 ಮೂಳೆಗಳು ಒಂದು ಕಡೆ ಐದು ವರ್ಷಕ್ಕೇ ಹುಳಿ ಬರುತ್ತವೆ, ಪಕ್ಕದ ರಾಜ್ಯದಲ್ಲಿ ಹತ್ತು ವರ್ಷ ಬಾಳಿಕೆ ಬರುತ್ತವೆ. ಹವಾಗುಣ ಇರಬೇಕು.

ಪಿಎ ಯಾಕೆ ಆಗಬೇಕು ಎಂದು ಅರ್ಜಿಯಲ್ಲಿ ಬರೆಯುವ ಪ್ರಬಂಧಕ್ಕೆ 5,000 ಅಕ್ಷರ, ಖಾಲಿ ಜಾಗವೂ ಸೇರಿ. ಡಾಕ್ಟರಾಗಲು ಯಾಕೆ ಹೊರಡಲಿಲ್ಲ ಅನ್ನುವುದಕ್ಕೆ ಡಾಕ್ಟರ ಓದು ಉದ್ದ, ಖರ್ಚು ಜಾಸ್ತಿ ಎಂಬ ನಿಜವನ್ನು ಬಿಟ್ಟು ಬೇರೆಲ್ಲ ಬರೆಯಬೇಕು. ಶಿಫಾರಸು ಪತ್ರ ಕೇಳುವ ಮಿಂಚಂಚೆ ಡಾಕ್ಟರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಧ್ಯಾನಸ್ಥವಾಗಿರುತ್ತದೆ, ವಾರಕ್ಕೊಮ್ಮೆ ನೆನಪಿಸದಿದ್ದರೆ ಏಳುವುದಿಲ್ಲ. ಪ್ರವೇಶ ಪರೀಕ್ಷೆಯೆಂದು ಕೆಲವು ಶಾಲೆಗಳಿಗೆ ಜಿಆರ್‌ಇ ಬೇಕು, ಕೆಲವಕ್ಕೆ ಪಿಎ-ಕ್ಯಾಟ್, ಕೆಲವಕ್ಕೆ ಕ್ಯಾಸ್ಪರ್. ಈ ಕ್ಯಾಸ್ಪರ್ ನಿಮ್ಮ ಕರುಣೆಯನ್ನು ಅಳೆಯುವ ಪರೀಕ್ಷೆ. ಗಡಿಯಾರ ಓಡುತ್ತಿರುವಾಗ ಟಕಟಕ ಟೈಪ್ ಮಾಡಿ ಕರುಣೆ ತೋರಿಸಬೇಕು. ಬರೆದವರನ್ನು ಅಂಕದ ಪ್ರಕಾರ ನಾಲ್ಕು ಭಾಗ ಮಾಡಿ ನಿಮಗೆ ಹೇಳುವುದು ನೀವು ಯಾವ ಭಾಗದಲ್ಲಿದ್ದೀರಿ ಎಂಬುದನ್ನಷ್ಟೇ, ಪೂರ್ತಿ ಅಂಕ ಶಾಲೆಗೆ ಹೋಗುತ್ತದೆ. ಕರುಣಾಮಯಿಗಳು ಬೆರಳಚ್ಚು ಕಲಿತಿರುವುದು ಕ್ಷೇಮ.

ಸೀಟು ಸಿಕ್ಕಿತೋ, ಮುಂಗಡ ಕಟ್ಟಿ ಹಿಡಿದುಕೊಳ್ಳಬೇಕು, ಮನಸ್ಸು ಬದಲಾದರೆ ಸಾಮಾನ್ಯವಾಗಿ ಆ ದುಡ್ಡು ವಾಪಸಿಲ್ಲ. ಸಿಗಲಿಲ್ಲವೋ, ಮುಂದಿನ ಏಪ್ರಿಲ್. ಹಳೆಯ ಖಾತೆಯಿಂದ ಕೋರ್ಸುಗಳ ಪಟ್ಟಿಯನ್ನು ಹೊಸ ಅರ್ಜಿಗೆ ಎಳೆದುಕೊಳ್ಳಬಹುದು. ಶಿಫಾರಸು ಪತ್ರಗಳು ಬರುವುದಿಲ್ಲ, ಡಾಕ್ಟರ ಸ್ಪ್ಯಾಮ್ ಪೆಟ್ಟಿಗೆಗೆ ಮತ್ತೆ ಯಾತ್ರೆ ಹೋಗಬೇಕು. ಶುಲ್ಕ ಪೂರ್ತಿ ಹೊಸದು. ಅಷ್ಟರಲ್ಲಿ ಮೊದಲ ವರ್ಷದಲ್ಲಿ ಓದಿದ ಶರೀರರಚನೆಗೆ ಐದು ವರ್ಷ ತುಂಬಿದೆಯೇ ಎಂದು ಒಮ್ಮೆ ತಾರೀಕು ನೋಡಿಕೊಳ್ಳಿ.