ನಿಂಬೆನೀರು ಕುಡಿದ ಕೂಡಲೇ ಬ್ರಷ್ ಹಿಡಿಯಬೇಡಿ

ಇವತ್ತು ಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಮ್ಮ ಬೀದಿಯ ಆಂಟಿಯೊಬ್ಬರು ಸಿಕ್ಕಿದರು. ಕೈಯಲ್ಲಿ ನಿಂಬೆನೀರಿನ ಬಾಟಲಿ. ನಡೆಯುತ್ತಾ ಗುಟುಕು ಗುಟುಕಾಗಿ ಕುಡಿಯುತ್ತಲೇ ಇದ್ದರು. "ಮನೆಗೆ ಹೋದ ತಕ್ಷಣ ಹಲ್ಲುಜ್ಜಿಬಿಡ್ತೀನಮ್ಮ, ಹುಳಿ ಹಲ್ಲಿಗೆ ಒಳ್ಳೇದಲ್ಲ ಅಲ್ವಾ?" ಅಂದರು. ನನಗೆ ಎದೆ ಧಸಕ್ ಅಂತು. ಅವರನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿದೆ.

ನನ್ನ ಮುಂದಿನ ಹಲ್ಲುಗಳ ಕಥೆ ಕೇಳಿ. ಮಗಳು ಹೊಟ್ಟೆಯಲ್ಲಿದ್ದಾಗ ದಿನಾ ವಾಂತಿ. ಬಾಯೆಲ್ಲ ಹುಳಿಹುಳಿ. ತಡೆಯಲಾಗದೆ ಪ್ರತಿ ಸಲವೂ ಓಡಿಹೋಗಿ ಗಸಗಸ ಉಜ್ಜುತ್ತಿದ್ದೆ. ತಿಂಗಳುಗಟ್ಟಲೆ! ಆಗ ನನ್ನನ್ನು ನೋಡುತ್ತಿದ್ದ ಡಾಕ್ಟರು ಕಬ್ಬಿಣದ ಮಾತ್ರೆ ಬಗ್ಗೆ ಹತ್ತು ಸಲ ಹೇಳಿದರು, ಹಲ್ಲಿನ ಬಗ್ಗೆ ಒಂದು ಮಾತು ಹೇಳಲಿಲ್ಲ. ಆ ಕೋಪ ಇನ್ನೂ ಹೋಗಿಲ್ಲ. ಈಗ ತಣ್ಣೀರು ಕುಡಿದರೂ ಜುಮ್ ಅನ್ನುತ್ತದೆ.

ಪಿಎಚ್ ಅಂದರೆ ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಎನಾಮಲ್, ಅಂದರೆ ಹಲ್ಲಿನ ಮೇಲಿನ ಗಟ್ಟಿ ಪದರ, ಕರಗಲು ಶುರುವಾಗುತ್ತದೆ. ನಿಂಬೆರಸದ್ದು 2ರ ಆಸುಪಾಸು. ಹುಳಿ ತಾಕಿದ ಎನಾಮಲ್ ಸ್ವಲ್ಪ ಹೊತ್ತು ಮೆತ್ತಗಿರುತ್ತದೆ. ಆಗ ಬ್ರಷ್ ಹಾಕಿದರೆ ಮೇಲಿನ ಪದರ ಉಜ್ಜಿಕೊಂಡೇ ಹೋಗುತ್ತದೆ. ಹೋದದ್ದು ಮತ್ತೆ ಬೆಳೆಯುವುದಿಲ್ಲ. ಒಳಗಿನ ಹಳದಿ ಭಾಗ ಕಾಣುತ್ತದೆ, ನಾವು ಕೊಳೆ ಅಂದುಕೊಂಡು ಇನ್ನೂ ಜೋರಾಗಿ ತಿಕ್ಕುತ್ತೇವೆ. ಗುಟುಕು ಗುಟುಕಾಗಿ ಕುಡಿದರಂತೂ ಜೊಲ್ಲಿಗೆ ಆ ಹುಳಿ ಇಳಿಸಲು ಬಿಡುವೇ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಅಷ್ಟೇ. ವಾಂತಿ ಅಥವಾ ಹುಳಿತೇಗು ಬಂದರೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ ಉಗಿಯಿರಿ. ಬ್ರಷ್ ಮುಟ್ಟಲು ಅರ್ಧ ಗಂಟೆಯಾದರೂ, ಸಾಧ್ಯವಾದರೆ ಒಂದು ಗಂಟೆ ಕಾಯಿರಿ.

"ಮೌತ್‌ವಾಶ್ ಇದೆಯಲ್ಲ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ತೀಯ" ಅಂತ ನನ್ನ ತಂಗಿ ಕೇಳುತ್ತಾಳೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಬಾಟಲಿಗಳು ಬಾಯಿ ವಾಸನೆಗೆ ಇರುವಂಥವು. ಕೆಲವು ತಾವೇ ಹುಳಿ. ಎನಾಮಲ್ ಗಟ್ಟಿ ಮಾಡುವ ಫ್ಲೋರೈಡ್ ಇರುವುದು ನಿಜಕ್ಕೂ ಸಹಾಯ ಮಾಡುತ್ತದೆ, ಅದನ್ನು ನಾನೂ ಬಳಸುತ್ತೇನೆ. ಲೇಬಲ್ ಮೇಲೆ ಸೋಡಿಯಂ ಫ್ಲೋರೈಡ್ 0.05% ಅಂತ ಇದೆಯಾ ನೋಡಿ. ಆದರೆ ಹಲ್ಲುಜ್ಜಿದ ಕೂಡಲೇ ಅದನ್ನು ಹಾಕಿದರೆ ಪೇಸ್ಟಿನಲ್ಲಿರುವ ಜಾಸ್ತಿ ಫ್ಲೋರೈಡ್ ತೊಳೆದುಹೋಗುತ್ತದೆ. ಬೇರೆ ಹೊತ್ತಿನಲ್ಲಿ, ಊಟವಾದ ಮೇಲೆ ಬಳಸಿ. ಆರು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ, ನುಂಗಿಬಿಡುತ್ತವೆ. ಮತ್ತೆ, ಬೆಳಗ್ಗೆಯಿಂದ ಹುಳಿ ಕುಡಿದು ರಾತ್ರಿ ಒಂದು ಮುಚ್ಚಳ ಮೌತ್‌ವಾಶ್ ಹಾಕಿದರೆ ಹಲ್ಲು ಉಳಿಯುವುದಿಲ್ಲ, ತಂಗಿ.

ಮಂಡ್ಯದ ಹಳ್ಳಿಯಲ್ಲಿ ನಮ್ಮಜ್ಜಿ, ಏನೇ ತಿಂದರೂ ಹಿತ್ತಲಿಗೆ ಕಳಿಸಿ ಚೊಂಬು ನೀರು ಕೊಡುತ್ತಿದ್ದರು. ಮುಕ್ಕಳಿಸಿದ ಸದ್ದು ಕೇಳುವವರೆಗೂ ಒಳಗೆ ಬಿಡುತ್ತಿರಲಿಲ್ಲ. ಹುಣಸೆಕಾಯಿ ತಿಂದು ಬಂದ ದಿನ ಎರಡು ಚೊಂಬು. ಆ ಅಭ್ಯಾಸ ನಾನು ಯಾವಾಗ ಬಿಟ್ಟೆನೋ ನೆನಪಿಲ್ಲ. ಮಗಳಿಗೂ ಕಲಿಸಿರಲಿಲ್ಲ. ಈಗ ಕಲಿಸುತ್ತಿದ್ದೇನೆ.

ಇಷ್ಟೆಲ್ಲ ಹೇಳುವ ಹೊತ್ತಿಗೆ ಬಿಸಿಲು ಏರಿತ್ತು. ಆಂಟಿ ನಾಳೆಯಿಂದ ನಿಂಬೆನೀರನ್ನು ಮನೆಯಲ್ಲೇ ಒಂದೇ ಸಲ ಕುಡಿದು, ಮುಕ್ಕಳಿಸಿ, ಬರೀ ನೀರಿನ ಬಾಟಲಿ ಹಿಡಿದು ಬರುತ್ತೇನೆ ಅಂದಿದ್ದಾರೆ. ಆರು ಗಂಟೆಗೆ ಗೇಟಿನ ಹತ್ತಿರ ಕಾಯುತ್ತೇನೆ.