ಶಾಲು ಸಾಕು ಮಾರಾಯರೇ

ನಿನ್ನೆ ನಮ್ಮ ವಾರ್ಡಿನ ಸಭಾಭವನದಲ್ಲಿ ಆಶಾ ಕಾರ್ಯಕರ್ತೆಯೊಬ್ಬರಿಗೆ ಸನ್ಮಾನವಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆ. "ಇವರ ಸೇವೆಗೆ ಬೆಲೆ ಕಟ್ಟಲಾಗದು" ಎಂದರು ಭಾಷಣ ಮಾಡಿದವರು. ನನಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆದವಳು ನಾನು, ನಿಮಗೆ ಗೊತ್ತಲ್ಲ. ಬೆಲೆ ಕಟ್ಟಲಾಗದು ಎಂದವರು ಬಿಲ್ ಕೊಟ್ಟದ್ದನ್ನು ನಾನು ಕಂಡಿಲ್ಲ.

ನಮ್ಮ ಹಿತ್ತಲಿನಾಚೆಯ ಮನೆಯಲ್ಲಿ ಒಬ್ಬರು ಅಜ್ಜಿ, ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮೊಮ್ಮಗಳು. ಅಜ್ಜಿ ಬೀಡಿ ಕಟ್ಟುತ್ತಾರೆ. ಹುಡುಗಿ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿ ಕೋಣೆ ಸೇರಿದ್ದಳು. ನಿನ್ನೆ ಸನ್ಮಾನ ಮಾಡಿಸಿಕೊಂಡ ಆಶಾ ಅಕ್ಕನೇ ಬಂದರು, ಆದರೆ ಅವಳನ್ನು ಏನೂ ಕೇಳಲಿಲ್ಲ. ಜಗಲಿಯಲ್ಲಿ ಕುಳಿತು, ಅಜ್ಜಿಯ ಕತ್ತರಿ ತೆಗೆದುಕೊಂಡು, ತಗಡಿನ ಅಳತೆಯಿಟ್ಟು ಎಲೆ ಕತ್ತರಿಸತೊಡಗಿದರು. ಮೂರನೆಯ ದಿನ ಒಳಗಿನಿಂದ ದನಿ ಬಂತು: "ಅಕ್ಕ, ಅದು ಓರೆಯಾಗಿದೆ. ಕೊಡಿ ಇಲ್ಲಿ." ಮಾತು ಶುರುವಾದದ್ದೇ ಅಲ್ಲಿಂದ. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದೆ (ಕದ್ದು ಕೇಳುವುದು ತಪ್ಪು, ಇರಲಿ).

ಆ ಮೂರು ದಿನಗಳನ್ನು ಯಾವ ಲೆಕ್ಕಕ್ಕೆ ಹಾಕುತ್ತೀರಿ? ಹೆರಿಗೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪ್ರೋತ್ಸಾಹಧನವಿದೆ, ಚುಚ್ಚುಮದ್ದಿಗೂ ಇದೆ. ಮಗು ಬಾಯಿ ಬಿಡಲಿ ಎಂದು ಎಲೆ ಕತ್ತರಿಸಿದ್ದಕ್ಕೆ ಕಾಲಂ ಇಲ್ಲ. ಇಂಥ ಮಕ್ಕಳಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, 18 ತುಂಬುವವರೆಗೆ. ಈ ಹುಡುಗಿಗೆ ಆಗಲೇ 16 ದಾಟಿದೆ. ಅರ್ಜಿ ಹಿಡಿದು ಅಜ್ಜಿಯ ಜೊತೆ ಆಶಾ ಅಕ್ಕ ಕಚೇರಿಗೆ ಹೋದದ್ದು ಮೂರು ಸಲ. ಮೂರನೆಯ ಸಲ, ಅಪ್ಪನ ಮರಣ ಪ್ರಮಾಣಪತ್ರದಲ್ಲಿ ಇನಿಶಿಯಲ್ ಬೇರೆಯಿದೆ ಎಂದು ವಾಪಸು ಕಳುಹಿಸಿದರು. ಬಸ್ ಚಾರ್ಜು ಇಬ್ಬರದ್ದೂ ಆಶಾ ಅಕ್ಕನದೇ.

"ಅವರು ಸ್ವಯಂಸೇವಕಿಯರು, ಇಷ್ಟಪಟ್ಟು ಬಂದವರು" ಎನ್ನುತ್ತಾರೆ ನಮ್ಮ ಮನೆಯವರು. 2005ರಲ್ಲಿ ಆಶಾ ಯೋಜನೆ ಶುರುವಾದಾಗ ಕಾಗದದಲ್ಲಿ ಹಾಗೆಯೇ ಇತ್ತು, ಸರಿ. ರಾತ್ರಿ ಫೋನ್ ಮಾಡಿ ಸರ್ವೆ ಕೇಳುವಾಗ ಆ ಕಾಗದ ಎಲ್ಲಿರುತ್ತದೆ? 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅದೇ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಕಳೆಯಬೇಕಾಯಿತು. ಕೇಳಿದ್ದು ತಿಂಗಳಿಗೆ 15,000. ಸಿಕ್ಕಿದ್ದು 10,000ದ ಭರವಸೆ.

ಹಣ ಮಾತ್ರವೂ ಅಲ್ಲ. ಹುಡುಗಿ ಏನೋ ಹೇಳಿಕೊಂಡ ರಾತ್ರಿ ತನಗೆ ನಿದ್ದೆ ಬರಲಿಲ್ಲ ಎಂದರು ಆಶಾ ಅಕ್ಕ. ಅದನ್ನು ಅವರು ಯಾರಿಗೆ ಹೇಳಬೇಕು? ನನಗೆ ಹೇಳಿದರು, ಪಾತ್ರೆ ತೊಳೆಯುತ್ತಿದ್ದ ನನಗೆ.

ಅದಕ್ಕೂ ನಾನು ಯೋಗ್ಯಳಲ್ಲ. 2020ರಲ್ಲಿ ಕೊರೋನಾ ಸರ್ವೆಗೆ ಬಂದವರು ಇವರೇ. ಗೇಟು ತೆರೆಯದೆ, ಸುಡುಬಿಸಿಲಲ್ಲಿ ನಿಲ್ಲಿಸಿ, ಕಿಟಕಿಯಿಂದಲೇ ಬೇಗ ಬೇಗ ಉತ್ತರ ಕೊಟ್ಟು ಕಳುಹಿಸಿದ್ದೆ. ನೀರು ಬೇಕೇ ಎಂದೂ ಕೇಳಲಿಲ್ಲ. ನಿನ್ನೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.

ಇವತ್ತು ಬೆಳಿಗ್ಗೆ ನೋಡಿದರೆ ಆ ಶಾಲು ಅಜ್ಜಿಯ ಬೀಡಿ ಗೆರಸೆಯ ಮೇಲಿತ್ತು, ಥಂಡಿಗೆ ಹೊಗೆಸೊಪ್ಪು ಮೆತ್ತಗಾಗದಿರಲಿ ಎಂದು. ನಾಳೆ ಕಾರಿನಲ್ಲಿ ನಾನೇ ಕಚೇರಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಆಶಾ ಅಕ್ಕ ನಕ್ಕರು: "ನಾಳೆ ಎರಡನೇ ಶನಿವಾರ ಅಲ್ಲವಾ ಅಮ್ಮ, ಬಾಗಿಲು ಹಾಕಿರುತ್ತದೆ."